ಗಂಟಿಲ್ಲದ ಶಾಲು

ದರ್ಜಿ ಎರಡೂ ಶಾಲುಗಳನ್ನು ತೊಡೆಯ ಮೇಲೆ ಹರಡಿಕೊಂಡು, ಒಂದರ ಅಂಚನ್ನು ಹೆಬ್ಬೆರಳಿನಿಂದ ಸವರುತ್ತ ಹೋದ. ನಾಲ್ಕು ಮೂಲೆಯೂ ಮುಗಿಯಿತು, ಗಂಟು ಸಿಗಲಿಲ್ಲ. ಇನ್ನೊಂದರಲ್ಲೂ ಇಲ್ಲ.

ಪೆಟ್ಟಿಗೆಯಲ್ಲಿದ್ದ ಬೇರೆ ಎಲ್ಲಕ್ಕೂ ಗಂಟಿತ್ತು. ಅವನ ಅಂಗಿಗಳಿಗೆ, ಹೊದಿಕೆಗಳಿಗೆ, ಕೊನೆಗೆ ಕಾಲುಚೀಲಕ್ಕೂ. ಮಡಿಕೆಯ ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ, ದಾರದ ಸಣ್ಣ ಗಂಟುಗಳು: ಕೆಂಪಿಗೆ ಒಂದು, ಹಸಿರಿಗೆ ಎರಡು, ಕಂದು ಬಣ್ಣಕ್ಕೆ ಮೂರು. ಅವನ ಹೆಂಡತಿ ಹಾಕಿದ್ದು. ಅವಳು ಈಗ ಮುಂದಿನ ಕೋಣೆಯಲ್ಲಿ ಜನರ ನಡುವೆ ಕಣ್ಣು ಮುಚ್ಚಿ ಮಲಗಿದ್ದಳು. ಸ್ಮಶಾನಕ್ಕೆ ಹೊರಡಿಸುವ ಹೊತ್ತು ಹತ್ತಿರವಾಗಿತ್ತು.

"ಅಪ್ಪಾ, ಸಿಕ್ತಾ?" ಬಾಗಿಲಾಚೆಯಿಂದ ಮಗಳು ಕೇಳಿದಳು. "ಹಸಿರು ಶಾಲು. ನೀವೇ ತಂದು ಹೊದಿಸ್ಬೇಕು ಅಂತ ಅಮ್ಮ ಎಷ್ಟು ಸಲ ಹೇಳಿದ್ಳು."

"ಬಂದೆ ಇರಮ್ಮ."

ಆಚೆ ಅದೇ ಶಾಲಿನ ಮೇಲೆ ಮಾತು ನಡೆದಿತ್ತು. ದರ್ಜಿಯ ಅಕ್ಕನಿಗೆ ಬಿಳಿಯೇ ಆಗಬೇಕು. "ಬಣ್ಣ ಏನಿದ್ರೂ ಬದುಕಿರೋರಿಗೆ. ಹೋಗೋರಿಗೆ ಯಾಕೆ?"

"ನಮ್ಮಮ್ಮನಿಗೆ ಕಪ್ಪು ಹೊದಿಸಿದ್ವಿ," ಎಂದ ಪಕ್ಕದ ಅಂಗಡಿಯ ಗಡಿಯಾರ ರಿಪೇರಿಯವನು. "ದುಃಖಕ್ಕೆ ಕಪ್ಪೇ ಸರಿ."

"ದುಃಖ ನಮಗಲ್ವಾ? ಅವಳಿಗೆ ಹೊದಿಸಿ ಏನು ಬಂತು?"

"ಅತ್ತೆ, ಅಮ್ಮ ಕೇಳಿದ್ದು ಹಸಿರು," ಎಂದಳು ಮಗಳು. "ಹಸಿರೇ."

ದರ್ಜಿ ಶಾಲುಗಳನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಂದೇ ಅಂಗಡಿಯಲ್ಲಿ ಕೊಂಡವು, ಒಂದೇ ಉಣ್ಣೆ, ಒಂದೇ ತೂಕ. ಒಂದು ಕೆಂಪು, ಒಂದು ಹಸಿರು ಎಂದು ಅವಳು ಹೇಳಿದ್ದಳು. ಅವನ ಕಣ್ಣಿಗೆ ಎರಡೂ ಒದ್ದೆ ಮಣ್ಣಿನ ಬಣ್ಣ. ಇಷ್ಟು ವರ್ಷ ಜೊತೆಗಿದ್ದವಳು ಕೊನೆಗೆ ಕೇಳಿದ್ದು ಇದೊಂದೇ, ಅದೂ ತನ್ನ ಕೈಯಲ್ಲಾಗುತ್ತಿಲ್ಲವಲ್ಲ ಎಂದು ಅವನಿಗೆ ಅಳು ಬಂತು. ತಪ್ಪಿ ಕೆಂಪು ಹೊದಿಸಿದರೆ ಅವಳ ಮಾತು ನಡೆಸಿದಂತಾಗುವುದಿಲ್ಲ. ಯಾರನ್ನಾದರೂ ಕೇಳಿದರೆ, ಅವಳು ಜೀವಮಾನವಿಡೀ ಕಾಪಾಡಿದ ಗುಟ್ಟು ಅವಳ ಎದುರೇ ಬಯಲಾಗುತ್ತದೆ.

*

ಅವಳು ಅಂಗಡಿಗೆ ಗುಂಡಿ ಹೊಲಿಯುವ ಕೆಲಸಕ್ಕೆ ಸೇರಿದ ಹೊಸತು. ಮೇಷ್ಟರೊಬ್ಬರು ಹಸಿರು ಕೋಟು ರಿಪೇರಿಗೆ ಕೊಟ್ಟಿದ್ದರು. ಬೆನ್ನಿನ ಹರಕನ್ನು ದರ್ಜಿ ಎಷ್ಟು ಸಣ್ಣ ಹೊಲಿಗೆಯಲ್ಲಿ ಮುಚ್ಚಿದ್ದನೆಂದರೆ, ಅವನಿಗೇ ಹೆಮ್ಮೆಯಾಗಿ ಕೋಟನ್ನು ಬಿಡಿಸಿ ತೋರಿಸಿದ. ದಾರ ಕೆಂಪು.

"ಏನಯ್ಯಾ ಇದು, ಬೆನ್ನ ಮೇಲೆ ಬಾಸುಂಡೆ ಎದ್ದ ಹಾಗಿದೆ," ಎಂದರು ಮೇಷ್ಟರು.

ದರ್ಜಿ ಕೋಟನ್ನು ತಿರುಗಿಸಿ ತಿರುಗಿಸಿ ನೋಡಿದ. ಮೂಲೆಯಿಂದ ಅವಳು ಎದ್ದು ಬಂದಳು. "ತಪ್ಪು ನಂದು ಸಾರ್. ದಾರ ತೆಗೆದುಕೊಟ್ಟವಳು ನಾನು. ಬಿಚ್ಚಿ ಹೊಲ್ಕೊಡ್ತೀವಿ."

ಅವಳು ದಾರ ಮುಟ್ಟಿಯೇ ಇರಲಿಲ್ಲ. ಮೇಷ್ಟರು ಹೋದ ಮೇಲೆ ಎರಡು ದಾರದ ಉರುಳೆಗಳನ್ನು ಅವನ ಮುಂದಿಟ್ಟು, "ಇದರಲ್ಲಿ ಎಲೆ ಬಣ್ಣ ಯಾವುದು ಹೇಳಿ," ಎಂದಳು. ಅವನು ತಲೆ ತಗ್ಗಿಸಿದ. ಅವಳು ನಗಲಿಲ್ಲ. ಸಂಜೆಯೊಳಗೆ ಅಂಗಡಿಯ ಉರುಳೆಗಳ ದಾರದ ತುದಿಗೆಲ್ಲ ಗಂಟು ಬಿದ್ದಿತ್ತು.

ಮದುವೆಯಾದ ಮೇಲೆ ಕಣ್ಣಿನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದವಳೂ ಅವಳೇ. "ಬಣ್ಣ ಬಟ್ಟೇಲಿ ಮಾತ್ರ ಇರಲ್ಲಪ್ಪ," ಎಂದರು ಡಾಕ್ಟರು. "ಬಟ್ಟೆಯಿಂದ ವಾಪಸ್ ಬರೋ ಬೆಳಕನ್ನ ಕಣ್ಣು ಹಿಡೀಬೇಕು. ಅದಕ್ಕೆ ಅಂತ ಒಳಗೆ ಮೂರು ಥರದ ಕೋಶಗಳಿವೆ. ನಿಮ್ಮಲ್ಲಿ ಒಂದು ಥರದ್ದು ಇಲ್ಲ. ಹುಟ್ಟಿನಿಂದ ಬಂದಿದ್ದು, ಔಷಧಿ ಇಲ್ಲ."

ದಾರಿಯುದ್ದಕ್ಕೂ ಅವನು ಮುಖ ಊದಿಸಿಕೊಂಡು ಬಂದ.

"ಎರಡು ಇದೆಯಲ್ರೀ," ಎಂದಳು ಅವಳು. "ಮೂರನೇದು ನಾನಿದ್ದೀನಿ."

ಅಂದಿನಿಂದ ಹೊಲಿಗೆ ಯಂತ್ರದ ಪಕ್ಕದ ಸ್ಟೂಲು ಅವಳದಾಯಿತು. ಗಿರಾಕಿಗಳ ಬಾಯಲ್ಲಿ ಅವಳು ದಾರದಕ್ಕ ಆದಳು. "ದಾರ ಎತ್ತಿಕೊಡೋಕೂ ಇವನಿಗೊಬ್ಬಳು ಬೇಕು, ಮಹಾರಾಜ," ಎಂದು ದರ್ಜಿಯ ಅಕ್ಕ ಆಡಿಕೊಂಡರೆ, "ಹೌದು ಅತ್ತಿಗೆ, ಕೈ ಚಾಚಿದ್ರೆ ಸೊಂಟ ಉಳುಕುತ್ತಂತೆ," ಎಂದು ನಕ್ಕುಬಿಡುತ್ತಿದ್ದಳು.

*

ದರ್ಜಿ ಮತ್ತೊಮ್ಮೆ ಮೂಲೆಗಳನ್ನು ತಡವಿದ. ಈ ಸಲ ಬೆರಳಿಗೆ ದಾರದ ಮೊಂಡು ತುದಿ ತಾಗಿತು. ಸವೆದದ್ದಲ್ಲ, ಕತ್ತರಿಯಿಂದ ನೇರವಾಗಿ ಕತ್ತರಿಸಿದ್ದು. ಇನ್ನೊಂದರಲ್ಲೂ ಹಾಗೆಯೇ. ಯಾರು, ಯಾಕೆ ಎಂದು ಯೋಚಿಸಲು ಪುರಸೊತ್ತಿರಲಿಲ್ಲ. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು.

ತನ್ನ ಮಾನ ಹೋದರೆ ಹೋಗಲಿ, ಅವಳ ಮಾತು ಉಳಿಯಲಿ ಎಂದುಕೊಂಡು ಎರಡೂ ಶಾಲುಗಳನ್ನು ಹಿಡಿದು ಮುಂದಿನ ಕೋಣೆಗೆ ಬಂದ.

"ಇದರಲ್ಲಿ ಹಸಿರು ಯಾವ್ದಮ್ಮ?" ಎಂದು ಮಗಳನ್ನು ಕೇಳಿದ. "ನನಗೆ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗ್ತಿರ್ಲಿಲ್ಲ. ನಿಮ್ಮಮ್ಮ ಹೇಳ್ತಿದ್ಳು, ನಾನು ಹೊಲೀತಿದ್ದೆ."

ಮೊದಲು ಬಾಯಿ ಬಿಟ್ಟವಳು ಅಕ್ಕ. "ಅದಕ್ಕೇನೋ, ಚಿಕ್ಕವನಿದ್ದಾಗ ಟೊಮೆಟೊ ಹಣ್ಣು ಕಿತ್ಕೊಂಡು ಬಾ ಅಂದ್ರೆ ಬರೀ ಕಾಯಿ ತರ್ತಿದ್ದೆ? ಸೋಮಾರಿ ಅಂತ ಎಷ್ಟು ಬೈದಿದ್ದೀನೋ ನಿನ್ನ." ಅವಳು ಅಂಗೈಯಿಂದ ಕಣ್ಣೊರೆಸಿಕೊಂಡಳು. ಬಿಳಿಯ ಮಾತನ್ನು ಮತ್ತೆ ಎತ್ತಲಿಲ್ಲ.

ಮಗಳು ಬಂದು ಅವನ ಎಡಗೈಯಲ್ಲಿದ್ದ ಶಾಲನ್ನು ಮುಟ್ಟಿದಳು. "ಇದು ಹಸಿರು." ಆಮೇಲೆ ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು: "ಆಸ್ಪತ್ರೇಲಿ ಅಮ್ಮ ಎಲ್ಲ ಹೇಳಿದ್ಳು ಅಪ್ಪಾ. ಈ ಶಾಲುಗಳನ್ನ ಅಲ್ಲಿಗೇ ತರಿಸ್ಕೊಂಡು ಗಂಟು ಕತ್ತರಿಸಿದ್ದೂ ಅವಳೇ. ‘ಅವರಾಗಿ ಕೇಳೋವರೆಗೂ ನೀನು ಬಾಯಿ ಬಿಡಬೇಡ. ಇದೊಂದು ಸಲ ಕೇಳಿದ್ರೆ, ಆಮೇಲೆ ನಿನ್ನನ್ನ ಕೇಳೋಕೆ ನಾಚಿಕೆ ಪಡಲ್ಲ’ ಅಂದ್ಳು."

"ಕೇಳದೆ ಕೆಂಪು ಹೊದಿಸಿದ್ದಿದ್ರೆ?"

"ನಾನೂ ಅದೇ ಕೇಳ್ದೆ. ‘ಹೊದಿಸ್ಲಿ ಬಿಡು, ನನಗೆ ಯಾವುದಾದ್ರೇನು’ ಅಂದ್ಳು."

ದರ್ಜಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಕಿಲಾಡಿ," ಎಂದ ಹೆಂಡತಿಯ ಕಡೆ ತಿರುಗಿ. ಹಸಿರು ಶಾಲನ್ನು ಕೊಡವಿ, ಅವಳ ಗಲ್ಲದವರೆಗೆ ಹೊದಿಸಿ, ಒಂದು ಸುಕ್ಕೂ ಉಳಿಯದ ಹಾಗೆ ಅಂಚನ್ನು ಸಮ ಮಾಡಿದ.

ಹೊರಗೆ ಜನ ಸೇರುತ್ತಿದ್ದಾಗ ಮಗಳು ಕಿಟಕಿಯ ಬಳಿ ನಿಂತು ಸೂಜಿಗೆ ದಾರ ಪೋಣಿಸಿದಳು. ಕೆಂಪು ಶಾಲಿನ ಮೂಲೆಯಲ್ಲಿ ಒಂದು ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದು, ಶಾಲನ್ನು ಅವನ ಹೆಗಲ ಮೇಲೆ ಹೊದಿಸಿದಳು. ಅಕ್ಕ ಅದರ ಇನ್ನೊಂದು ತುದಿಯನ್ನು ಸರಿಮಾಡಿದಳು.

ಗಾಡಿಯ ಹಿಂದೆ ನಡೆಯುತ್ತ ದರ್ಜಿ ಆ ಮೂಲೆಯನ್ನು ಹುಡುಕಿ ಹಿಡಿದುಕೊಂಡ. ಗಂಟು ಅವಳು ಹಾಕುತ್ತಿದ್ದುದಕ್ಕಿಂತ ತುಸು ದಪ್ಪವಾಗಿತ್ತು. ದಾರಿಯುದ್ದಕ್ಕೂ ಅವನ ಹೆಬ್ಬೆರಳು ಅದರ ಮೇಲೆಯೇ ಇತ್ತು.