ತುಟಿಯ ನಡುವೆ ಮೂರು ಪಿನ್ನು

ಫ್ಯಾನಿನ ಗಾಳಿಗೆ ಮತ್ತೆ ಅದೇ ಕೂದಲು ಕಣ್ಣಿಗೆ ಬಿತ್ತು, ಬಲಗಡೆಯ ಪಿನ್ನು ಸಡಿಲ, ತಾನೇ ಬಾಚಿಕೊಂಡರೆ ಹೀಗೇ, ಅಕ್ಕ ಬಾಚಿದರೆ ಸಂಜೆವರೆಗೂ ಒಂದೆಳೆ ಅಲ್ಲಾಡುತ್ತಿರಲಿಲ್ಲ — ಹಿಂದೆ ನಿಂತು, ಮೂರು ಪಿನ್ನು ತುಟಿ ನಡುವೆ ಕಚ್ಚಿಕೊಂಡು, ಏನು ಕೇಳಿದರೂ ಹ್ಞೂಂ ಅಷ್ಟೆ, ಕನ್ನಡಿಯಲ್ಲಿ ಆ ಮೂರು ಕಪ್ಪು ಗೆರೆ — ನಾಲ್ಕು ತಿಂಗಳಾಯಿತು, ಇನ್ಮೇಲೆ ನೀನೇ ಬಾಚ್ಕೊಳೇ, ದೊಡ್ಡೋಳಾಗಿದೀಯ, ಅಂತ ಬಾಚಣಿಗೆ ಕೈಗೆ ಕೊಟ್ಟುಬಿಟ್ಟಳು, ಯಾಕೆ ಅಂತ ಇವಳು ಕೇಳಲಿಲ್ಲ, ಕೇಳುವ ಜಾಯಮಾನವೇ ಅಲ್ಲ ಇವಳದು. ಗಂಟೆ ನಾಲ್ಕೂಕಾಲು. ಆರಕ್ಕೆ ಅಕ್ಕನ ಬಸ್ಸು, ಬೇರೆ ಊರಿನ ಆಸ್ಪತ್ರೆಗೆ ವರ್ಗ, ನರ್ಸಮ್ಮನ ಪೆಟ್ಟಿಗೆಗಳು ಬೆಳಿಗ್ಗೆಯೇ ಹಗ್ಗ ಬಿಗಿಸಿಕೊಂಡು ಬಾಗಿಲಲ್ಲಿ ಕೂತಿದ್ದವು — ಬೇಡ, ಕೆಲಸ ನೋಡು. ಸಿ ಪ್ರೋಗ್ರಾಮು, ಅರವತ್ತು ಸಾಲು, ಕಚೇರಿಯ ಫೈಲುಗಳನ್ನು ಹೊಸ ಕಂಪ್ಯೂಟರಿಗೆ ಸಾಗಿಸುವ ಮೊದಲು ಯಾವ ಫೈಲನ್ನು ಯಾರ್ಯಾರು ತೆರೆಯಬಹುದು ಅಂತ ಪಟ್ಟಿ ಬೇಕಂತೆ, ಯಾರ ಹಕ್ಕೂ ದಾರಿಯಲ್ಲಿ ಉದುರಿಹೋಗಬಾರದಂತೆ. ಫೈಲಿನ ಹೆಸರು ಕೊಟ್ಟು ಪಟ್ಟಿ ಕೇಳು, ಮೊದಲ ನಮೂದು ತೆಗೆ, ಮುಂದಿನದು, ಮುಂದಿನದು, ಇನ್ನಿಲ್ಲ ಅನ್ನುವವರೆಗೆ, ಇದು ಯಾರದು, ಇವರು ಏನೇನು ಮಾಡಬಹುದು, ಕೊನೆಗೆ ತೆಗೆದುಕೊಂಡ ಮೆಮೊರಿ ಬಿಟ್ಟುಕೊಡು, ಮರೀಬೇಡ. ಪಕ್ಕದ ಕುರ್ಚಿಯಿಂದ ಮೇಷ್ಟ್ರು — ಹಿರಿಯ ಪ್ರೋಗ್ರಾಮರ್, ಕಲಿಸದೆ ಬಿಡುವವರಲ್ಲ, ಅದಕ್ಕೇ ಆ ಹೆಸರು — ಏನಮ್ಮಾ, ಬಾಯಿ ಬಿಡ್ತಾ ನಿನ್ನ ಪಟ್ಟಿ, ಕೇಳಿದ್ರೆ ಹೇಳುತ್ತೆ ಕಣಮ್ಮಾ, ಫೈಲುಗಳು ನಿನ್ನ ಥರ ಅಲ್ಲ. ಎದುರಿನವರು ನಕ್ಕರು, ಇವಳೂ ನಕ್ಕಳು, ಕಿವಿ ಬಿಸಿಯಾಯಿತು, ಮೊದಲು ನನ್ನ ಲ್ಯಾಪ್‌ಟಾಪಲ್ಲೇ ಓಡಿಸಿ ನೋಡ್ತೀನಿ ಸಾರ್, ಅಂದಳೋ, ಅಂದುಕೊಂಡಳೋ.

ನನ್ನ ಅನ್ನುವುದೂ ಸುಳ್ಳೇ, ಅಕ್ಕನ ಮೊದಲ ಸಂಬಳದ ಲ್ಯಾಪ್‌ಟಾಪು, ಒಳಗೆ ಇಬ್ಬರಿಗೂ ಬೇರೆ ಬೇರೆ ಖಾತೆ, ಹಗಲು ಇವಳ ಚೀಲದಲ್ಲಿ, ಸಂಜೆ ಅಕ್ಕನ ಮಂಚದ ಮೇಲೆ. ಅದರಲ್ಲಿ ಇವಳ ಡೈರಿ. ಬಾಯಲ್ಲಿ ಬಾರದ್ದೆಲ್ಲ ಅಲ್ಲಿ, ಅಕ್ಕ ಓದಬಹುದು ಅಂತ ತಾನೇ ಕಾಲೇಜಿನ ದಿನಗಳಲ್ಲಿ ಆ ಫೈಲಿನ ಪಟ್ಟಿಗೆ ಸೇರಿಸಿದ್ದಳು, ಅಕ್ಕ ಓದಿದ್ದನ್ನು ಒಂದು ದಿನವೂ ಬಾಯಿಬಿಟ್ಟು ಹೇಳಿದವಳಲ್ಲ — ಹೊಸ ಚಪ್ಪಲಿ ಕಚ್ಚುತ್ತೆ ಅಂತ ಬರೆದರೆ ಮಾರನೇ ಬೆಳಿಗ್ಗೆ ಚಪ್ಪಲಿಯಲ್ಲಿ ಹತ್ತಿ, ಸಂದರ್ಶನಕ್ಕೆ ಹೆದರಿಕೆ ಅಂತ ಬರೆದರೆ ಗೇಟಿನ ಹೊರಗೆ ಸಮವಸ್ತ್ರದಲ್ಲೇ ನಿಂತಿದ್ದಾಳೆ, ಈ ಕಡೆ ಏನೋ ಕೆಲಸ ಇತ್ತಪ್ಪ. ಮೂರು ವಾರದ ಹಿಂದೆ ಇವಳು ಬರೆದಳು, ಅಕ್ಕಾ, ನಾನೂ ನಿನ್ನ ಜೊತೆ ಬರ್ಲಾ, ಅಲ್ಲೇ ಕೆಲಸ ಹುಡುಕ್ಕೋತೀನಿ, ನೀನಿಲ್ಲದ ಮನೇಲಿ ನಂಗೆ ಆಗಲ್ಲ. ಕಾದಳು. ಒಂದು ದಿನ ಕಾಫಿ ಆರಿಸುತ್ತಾ ಅಕ್ಕ ಅಂದಳು, ಎರಡು ರೂಮಿನ ಮನೆ ಸಿಕ್ಕಿದೆ, ಒಂದು ಸುಮ್ನೆ ಖಾಲಿ. ಓದಿಯೂ ಖಾಲಿ ಅಂತಾಳಲ್ಲ. ಒಳ್ಳೇದು, ಅಂದಿದ್ದಳು ಇವಳು, ಲೋಟ ತೊಳೆಯಲು ಎದ್ದು.

ಓಡಿಸಿದಳು, ಸಾಲುಗಳು ಸರಸರ ಇಳಿದವು, ಡೈರಿ, ಮಾಲೀಕಳು ಓದಬಹುದು ಬರೆಯಬಹುದು, ಅಕ್ಕ ಓದಬಹುದು, ಅದರ ಪಕ್ಕ, ನಿಜಕ್ಕೂ ದಕ್ಕುವುದು — ಮೂರು ಅಡ್ಡಗೆರೆ. ಏನೂ ಇಲ್ಲ. ಪ್ರೋಗ್ರಾಮು ತಪ್ಪಿರಬೇಕು, ಮಾಸ್ಕ್ ಅನ್ನುವ ಜರಡಿಯ ಜೊತೆ ತಾಳೆ ನೋಡುವ ಸಾಲು ನಿನ್ನೆಯಷ್ಟೇ ಸೇರಿಸಿದ್ದು, ಮತ್ತೆ ಓದಿದಳು, ಸರಿಯಾಗೇ ಇದೆ, ಪಟ್ಟಿಯಲ್ಲಿ ಎಷ್ಟೇ ಹಕ್ಕು ಬರೆದಿರಲಿ ಮಾಸ್ಕ್ ಬಿಟ್ಟಷ್ಟೇ ದಕ್ಕುವುದು, ಮಾಸ್ಕ್ ಪೂರ್ತಿ ಮುಚ್ಚಿದೆ, ಮುಚ್ಚಿದ್ದು ಯಾರು — ಕೆಲಸಕ್ಕೆ ಸೇರಿದ ವಾರದ ತರಬೇತಿ, ನಿಮ್ಮ ಫೈಲು ನಿಮಗೆ ಮಾತ್ರ, ಅನುಮತಿ ಸಂಖ್ಯೆ ಆರುನೂರು ಅಂತ ಹಾಕಿ, ಮುಗೀತು, ಅಂದಿದ್ದರು ಮೇಷ್ಟ್ರು, ಹೇಳಿದ ಮಾತು ಕೇಳುವ ಹುಡುಗಿ ಅವತ್ತೇ ಮನೆಗೆ ಹೋಗಿ ತನ್ನ ಎಲ್ಲ ಫೈಲಿಗೂ ಆರುನೂರು ಹಾಕಿದಳು, ಡೈರಿಗೂ, ಮಾಸ್ಕ್ ಮುಚ್ಚಿದ್ದು ಅದೇ, ಅಕ್ಕನ ಹೆಸರು ಪಟ್ಟಿಯಲ್ಲಿ ಹಾಗೇ ಇತ್ತಲ್ಲ, ಇದ್ದರೆ ಸಾಕು ಅಂದುಕೊಂಡಳು. ನಾಲ್ಕು ತಿಂಗಳು. ಮಂಚದ ಮೇಲೆ ಕೂತು ಡೈರಿ ತೆರೆಯಲು ಹೋದ ಅಕ್ಕ, ಅನುಮತಿ ಇಲ್ಲ, ಮತ್ತೊಮ್ಮೆ, ಅನುಮತಿ ಇಲ್ಲ, ಮುಚ್ಚಿಟ್ಟು, ಬೆಳಿಗ್ಗೆ ಬಾಚಣಿಗೆ ಕೊಟ್ಟು, ದೊಡ್ಡೋಳಾಗಿದೀಯ. ಹಾಗಾದರೆ ಓದೇ ಇಲ್ಲ. ಓದೇ ಇಲ್ಲದವಳು, ಒಂದು ಸುಮ್ನೆ ಖಾಲಿ, ಅಂತ ಬಾಯಲ್ಲಿ ಹೇಳಿದಳು, ಕರೆದದ್ದೇ ಇರಬೇಕು — ಅಕ್ಕ, ಬಾಯಲ್ಲಿ.

ತಿದ್ದುವುದು ಒಂದೇ ಸಾಲಿನ ಕೆಲಸ, ಈಗಲೇ ಆಗುತ್ತೆ, ಆದರೆ ಲ್ಯಾಪ್‌ಟಾಪು ಇಲ್ಲಿದೆ, ಅಕ್ಕ ಅಲ್ಲಿ, ಗಂಟೆ ನಾಲ್ಕೂಮುಕ್ಕಾಲು. ಎಲ್ಲಿಗಮ್ಮಾ, ಪಟ್ಟಿ ಏನಂತು, ಮೇಷ್ಟ್ರು ಕೇಳುತ್ತಿದ್ದಾರೆ, ಬಂದೆ ಸಾರ್, ಮೆಟ್ಟಿಲು, ಕಿಟಕಿ, ಫೋನು ಕಿವಿಗೆ, ಒಂದು ರಿಂಗು, ಆರು, ಹ್ಞೂಂ — ಆ ಹ್ಞೂಂ ಇವಳಿಗೆ ಗೊತ್ತು, ಅಕ್ಕ ಪಿನ್ನು ಕಚ್ಚಿಕೊಂಡು ಕನ್ನಡಿ ಮುಂದೆ ನಿಂತಿದ್ದಾಳೆ, ಹೊರಡುವ ಮೊದಲು ಜಡೆ ಸುತ್ತುತ್ತಿದ್ದಾಳೆ. ಅಕ್ಕಾ, ಡೈರಿ ಬೇಕಂತ ಮುಚ್ಚಿದ್ದಲ್ಲ ಕಣೇ, ಗೊತ್ತಿಲ್ದೆ ಆಗಿಹೋಗಿದೆ, ಈಗ ನೋಡ್ದೆ, ಅದ್ರಲ್ಲಿ ನಿನ್ಹತ್ರ ಒಂದು ಮಾತು ಕೇಳಿದ್ದೆ, ಆ ಖಾಲಿ ರೂಮು — ನಾನು ಬರ್ಲಾ. ಇಷ್ಟು ಉದ್ದದ ಮಾತು ತನ್ನದೇನಾ.  ಆ ಕಡೆ ಡಬ್ಬಿಯ ಮುಚ್ಚಳದ ಮೇಲೆ ಟಿಣ್, ತುಟಿಯಿಂದ ತೆಗೆದಿಟ್ಟ ಪಿನ್ನು, ಒಂದು. ಟಿಣ್, ಇನ್ನೊಂದು. ಕಣ್ಣಿಗೆ ಬಿದ್ದ ಕೂದಲನ್ನೂ ಸರಿಸದೆ ನಿಂತಳು, ಅಲ್ಲಿ ಮನೆಯ ಕನ್ನಡಿಯಲ್ಲಿ, ಅಕ್ಕನ ತುಟಿಯ ನಡುವೆ, ಇನ್ನೊಂದೇ ಒಂದು ಕಪ್ಪು ಗೆರೆ —