ಖಾಲಿ ಪ್ಲಾಸ್ಮಾ

ಮತ್ತೆ ಎದ್ದಿತು, ಸರಿಯಾಗಿ ನಾಲ್ಕು ನಿಮಿಷಕ್ಕೆ, ಮಲಗಿದ್ದ ಹಸಿರು ಗೆರೆ ನೆಟ್ಟಗೆ ನಿಂತು ಇಳಿಯಿತು — ಏನೂ ಇರಬಾರದ ಸೀಸೆಯಲ್ಲಿ ಖಿನ್ನತೆಯ ಮಾತ್ರೆ ಇದೆ ಅನ್ನುತ್ತಿದೆ ಯಂತ್ರ, ಇದು ಮೂರನೇ ಸಲ, ಅವಳು ಪರದೆ ನೋಡುತ್ತಾಳೆ, ಸ್ಟೂಲು ತಣ್ಣಗಿದೆ, ಕೈಗವಸಿನೊಳಗೆ ಬೆರಳು ಬೆವೆತಿವೆ, ಅಷ್ಟೇ, ಬೇರೇನೂ ಅನ್ನಿಸುವುದಿಲ್ಲ. ಇನ್ನೊಂದು ಸಲ ತೊಳೆಯೋಣ ಎನ್ನುತ್ತಾರೆ ಲ್ಯಾಬಿನ ಹಿರಿಯರು, ಎಲ್ಲರ ಬಾಯಲ್ಲೂ ಮೇಷ್ಟ್ರು, ಅವರಿಗೆ ಯಾವ ರೋಗಕ್ಕೂ ತೊಳೆಯುವುದೇ ಮದ್ದು, ಹಿಂದಿನ ರೋಗಿಯ ಔಷಧ ಕೊಳವೆಗೆ ಅಂಟಿಕೊಂಡಿದೆ ಅಂತ ನಿನ್ನೆಯಿಂದ ತೊಳೆದದ್ದೇ ತೊಳೆದದ್ದು, ಬರೀ ದ್ರಾವಕ ಒಳಗೆ ಬಿಟ್ಟರೆ ಗೆರೆ ಮಿಸುಕುವುದಿಲ್ಲ, ಯಾವ ಔಷಧವೂ ಇಲ್ಲದ ಖಾಲಿ ಪ್ಲಾಸ್ಮಾ ಬಿಟ್ಟರೆ ಏಳುತ್ತದೆ, ಅಂದರೆ ತಪ್ಪು ಯಂತ್ರದ್ದಲ್ಲ, ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ, ಕೂಸು ಅವಳ ಕಂಕುಳಲ್ಲೇ ಇದೆ, ಅವಳಿಗೆ ಗೊತ್ತು. ಇಲ್ಲಿ ಖಾಲಿ ಪ್ಲಾಸ್ಮಾ ಹೊರಗಿನಿಂದ ತರಿಸುವುದಿಲ್ಲ, ಮೂರು ತಿಂಗಳಿಗೊಮ್ಮೆ ಸಿಬ್ಬಂದಿಯಲ್ಲೇ ನಾಲ್ವರು ತೋಳು ಚಾಚುತ್ತಾರೆ, ಕೆಂಪು ಕೆಳಗಿಳಿದ ಮೇಲೆ ಉಳಿಯುವ ಹಳದಿ ನೀರನ್ನು ಒಟ್ಟು ಸೇರಿಸಿ, ಅದಕ್ಕೆ ಲೆಕ್ಕದಷ್ಟು ಔಷಧ ಬೆರೆಸಿ ಅಳತೆಗೋಲು ಮಾಡಿಕೊಳ್ಳುತ್ತಾರೆ, ರೋಗಿಗಳ ರಕ್ತವನ್ನೆಲ್ಲ ಆ ಕೋಲಿಗೆ ಹಿಡಿದೇ ಅಳೆಯುವುದು, ನಮ್ಮವರದೇ ರಕ್ತ, ಅದಕ್ಕೇನು ಪರೀಕ್ಷೆ ಅಂದಿದ್ದರು ಮೇಷ್ಟ್ರು, ಹಾಗೇ ಫ್ರೀಜರಿಗೆ ಹೋಯಿತು. ಈ ಸಲ ಅವಳ ಸರದಿ, ಮೇಷ್ಟ್ರು ಫಾರಂ ಚಾಚಿ ಕೇಳಿದ್ದರು, ಯಾವ್ದಾದ್ರೂ ಮಾತ್ರೆ ತಗೋತಿದ್ದೀಯೇನಮ್ಮ, ಇಲ್ಲ ಎಂಬಲ್ಲಿ ಗುರುತು ಹಾಕಿದಳು, ಪೆನ್ನು ತಡವರಿಸಲಿಲ್ಲ, ಆವತ್ತು ಬೆಳಿಗ್ಗೆಯೂ ನುಂಗಿಯೇ ಬಂದಿದ್ದಳು.

ಎಂಟು ತಿಂಗಳು, ಅಮ್ಮ ಹೋದಾಗಿನಿಂದ, ಮೊದಲು ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ, ಹಲ್ಲುಜ್ಜುವುದು ಬೆಟ್ಟ ಹತ್ತಿದ ಹಾಗೆ, ಈಗ ಏಳುತ್ತಾಳೆ, ಉಜ್ಜುತ್ತಾಳೆ, ಬಸ್ಸು ಹಿಡಿಯುತ್ತಾಳೆ, ಅಳು ಮಾತ್ರ ಬರುವುದಿಲ್ಲ, ಅಮ್ಮನ ಕಪಾಟು ಖಾಲಿ ಮಾಡುವಾಗ ಅಕ್ಕ ಒಂದೊಂದು ಬಟ್ಟೆಗೂ ಅತ್ತಳು, ಇವಳು ಮಡಿಸಿದಳು, ತೋಳಿಗೆ ತೋಳು, ಅಂಚಿಗೆ ಅಂಚು, ಕಲ್ಲಾಗಿಬಿಟ್ಯಲ್ಲೇ ಅಂದಳು ಅಕ್ಕ, ಆಮೇಲೆ ತಾನೇ ತಲೆ ನೇವರಿಸಿ, ಮಾತ್ರೆ ವಿಷಯ ಯಾರಿಗೂ ಹೇಳ್ಬೇಡ ಕಣೆ, ತಲೆ ಕೆಟ್ಟಿದೆ ಅಂತಾರೆ, ಕೆಲಸ ಕಿತ್ಕೋತಾರೆ. ಹೇಳಲಿಲ್ಲ. ನಿನ್ನೆ ಪಕ್ಕದ ಮೇಜಿನ ತರಲೆ, ನಮ್ಮಲ್ಲೇ ಯಾರೋ ಕದ್ದು ನುಂಗ್ತಿದ್ದಾರೆ, ಕುಂಬಳಕಾಯಿ ಕಳ್ಳರು ಹೆಗಲು ಮುಟ್ಟಿ ನೋಡ್ಕೊಳ್ಳಿ ಅಂದ, ಎಲ್ಲರೂ ನಕ್ಕರು, ಅವಳೂ ನಕ್ಕಳು, ಸರಿಯಾದ ಹೊತ್ತಿಗೇ ನಕ್ಕಳು — ಫೋನು ಹೊಡೆದುಕೊಳ್ಳುತ್ತಿದೆ, ಅವಳೇ ಎತ್ತುತ್ತಾಳೆ, ಆಸ್ಪತ್ರೆಯ ಡಾಕ್ಟರು, ಮೊನ್ನೆ ನೀವು ಕಳಿಸಿದ ರಿಪೋರ್ಟು, ಹತ್ತೊಂಬತ್ತನೇ ನಂಬರಿನ ಹೆಂಗಸು, ರಕ್ತದಲ್ಲಿ ಖಿನ್ನತೆಯ ಔಷಧ ತೀರಾ ಕಡಿಮೆ ಇದೆಯಲ್ಲ, ಸಂಜೆಯಿಂದ ಎರಡರಷ್ಟು ಕೊಡ್ತೀನಿ, ಆಕೆ ಹೃದಯ ಮೊದಲೇ ಅಷ್ಟಕ್ಕಷ್ಟೆ, ಅದಕ್ಕೇ ಕೇಳ್ತಿದ್ದೀನಿ, ರಿಪೋರ್ಟು ಖಾತ್ರಿ ತಾನೇ. ಕಡಿಮೆ ಇಲ್ಲ, ಕಡಿಮೆ ಕಾಣುತ್ತಿದೆ, ಅಳತೆಗೋಲಿನಲ್ಲೇ ಅವಳ ಮಾತ್ರೆಯೂ ಬೆರೆತಿದೆ, ತೂಕದ ಬಟ್ಟಲಡಿಗೆ ಕಲ್ಲು ಅಂಟಿದ ತಕ್ಕಡಿ ಅದು, ಎಲ್ಲರದೂ ಇದ್ದುದಕ್ಕಿಂತ ಕಡಿಮೆಯೇ ತೂಗುತ್ತದೆ, ಕಲ್ಲು ಅವಳ ರಕ್ತದ್ದು, ಹತ್ತೊಂಬತ್ತನೆಯವಳೂ ಬೆಳಿಗ್ಗೆ ಎದ್ದು ಇವಳ ಹಾಗೇ ಮಾತ್ರೆ, ಲೋಟ ಹಿಡಿದು ನಿಲ್ಲುತ್ತಾಳೇನೋ, ಅವಳಿಗೂ ಒಬ್ಬ ಅಕ್ಕ ಇರಬಹುದು, ಅವಳು ಹೋದರೆ ಬಟ್ಟೆ ಮಡಿಸಲು. ಒಂದ್ನಿಮಿಷ ಸಾರ್, ಎಂದು ರಿಸೀವರನ್ನು ಮೇಜಿನ ಮೇಲೆ ಮಲಗಿಸುತ್ತಾಳೆ, ಅದರೊಳಗೆ ಯಾರೋ ಕೆಮ್ಮುತ್ತಾರೆ, ಮೇಷ್ಟ್ರು ನಾಲ್ಕನೇ ಸಲ ಬಿಟ್ಟಾಗಿದೆ, ಪರದೆಯಲ್ಲಿ ಗೆರೆ ಹೊರಟಿದೆ, ಒಂದು ನಿಮಿಷ, ಸುಮ್ಮನಿದ್ದರೆ ಹೊಸ ಪ್ಲಾಸ್ಮಾ ಬರುತ್ತದೆ, ಎಲ್ಲ ತೊಳೆದುಹೋಗುತ್ತದೆ, ಸಂಜೆ ಕೊಡುವ ಎರಡರಷ್ಟು ಮಾತ್ರ ತೊಳೆದುಹೋಗುವುದಿಲ್ಲ, ಎರಡು ನಿಮಿಷ.

ತೊಳೀಬೇಡಿ ಮೇಷ್ಟ್ರೇ, ಅದು ನನ್ನದು, ನಾನು ಮಾತ್ರೆ ತಗೋತೀನಿ, ಎಂಟು ತಿಂಗಳಾಯ್ತು. ಧ್ವನಿ ಯಾರದೋ ಅನ್ನುವಷ್ಟು ಚಪ್ಪಟೆ. ರಿಸೀವರ್ ಎತ್ತಿ, ಡೋಸ್ ಹೆಚ್ಚಿಸಬೇಡಿ ಸಾರ್, ರಿಪೋರ್ಟು ತಪ್ಪು, ಎಲ್ಲವನ್ನೂ ಮತ್ತೆ ಮಾಡಿ ಕಳಿಸ್ತೀವಿ, ಎಂದು ಇಟ್ಟಳು, ಆಗ ಭಯವಾಯಿತು, ನಿಜವಾದ ಭಯ, ಎಷ್ಟೋ ದಿನಗಳ ಮೇಲೆ ಆದದ್ದು ಅದೊಂದೇ, ಅದನ್ನು ಬಿಡಲು ಮನಸ್ಸಾಗಲಿಲ್ಲ, ಮೇಷ್ಟ್ರು ಕನ್ನಡಕ ತೆಗೆದು ಒರೆಸುತ್ತಾರೆ, ಹಾಕಿಕೊಳ್ಳುತ್ತಾರೆ, ಅವಳ ಮುಖ ನೋಡಲಾರದೆ ಎಲ್ಲರೂ ಪರದೆ ನೋಡುತ್ತಾರೆ, ಅವಳೂ, ಮೂರೂವರೆ ನಿಮಿಷ, ಗೆರೆ ಮಲಗಿದೆ, ಮಲಗಿದೆ, ನಾಲ್ಕು, ಎದ್ದಿತು.