ಮಳೆಗಾಲದ ಕೀಲಿ

ಶಹಾಬಾದಿನ ನಮ್ಮ ಫೌಂಡ್ರಿಗೆ ಮಳೆಗಾಲ ಬಂತೆಂದರೆ ಬಾಗಿಲಿಗೆ ಕೀಲಿ. ದಸರೆಯವರೆಗೆ ಭಟ್ಟಿಯೂ ಇಲ್ಲ, ಕೂಲಿಯೂ ಇಲ್ಲ. ಪಂಪಿನ ಕವಚ ಎರಕ ಹೊಯ್ಯುವಾಗ ಒಳಗೆ ಟೊಳ್ಳು ಉಳಿಯಲೆಂದು ಅಂಟು ಬೆರೆಸಿದ ಮರಳಿನ ಗಟ್ಟಿ ಇಡುತ್ತೇವೆ, ಅದೇ ಕೋರ್. ಹಸಿ ಗಾಳಿಗೆ ಅದು ನೀರು ಕುಡಿಯುತ್ತದೆ. ಕಾದ ಕಬ್ಬಿಣ ತಾಗಿದೊಡನೆ ನೀರು ಆವಿಯಾಗಿ ಕವಚದ ತುಂಬ ತೂತು. ಅಪ್ಪನ ಕಾಲದಿಂದಲೂ ಹೀಗೇ ಎಂದು ಮಾಲೀಕ ಶಹಾಬುದ್ದೀನ ಸೇಠನ ವಾದ. ಅಪ್ಪ ಹಾಕಿದ ಕೀಲಿಯನ್ನು ಮಗ ತೆಗೆಯಬಾರದೆಂದು ಯಾವ ಕಾನೂನೂ ಇಲ್ಲ, ಆದರೆ ಅವನಿಗೆ ಹೇಳುವವರು ಯಾರು? ಕೋರ್ ಮಾಡುವ ಚಂದ್ರಕಲಾ ಹೇಳಿದಳು.

"ಈ ಸಲ ಕೀಲಿ ಹಾಕಂಗಿಲ್ಲ ಸೇಠ್ರ. ಹಾಕಿದ್ರ ನಾ ಒಳಗೇ ಕುಂದ್ರತೀನಿ."

ಗ್ರಾಫೈಟ್ ಪುಡಿ, ರಾಳ ಎರಡನ್ನೂ ಸ್ಪಿರಿಟಿನಲ್ಲಿ ಕಲಸಿ ಕೋರಿಗೆ ಬಳಿದು ಕಡ್ಡಿ ಗೀರಿದಳು. ಸ್ಪಿರಿಟ್ ಉರಿದು ಹೋಗಿ ಕರಿ ಲೇಪ ಉಳಿಯಿತು. ನೀರು ಚಿಮುಕಿಸಿದರೆ ಹನಿ ಜಾರುತ್ತಿತ್ತು. ಭಟ್ಟಿ ನೋಡಿಕೊಳ್ಳುವ ನನಗೂ ಧೈರ್ಯ ಬಂತು. ಆಮೇಲೆ ಜಿಟಿಜಿಟಿ ಮಳೆ ಹಿಡಿಯಿತು. ಕೋರ್ ಎತ್ತಿದರೆ ಬುಡ ಹಿಟ್ಟಿನಂತೆ ಉದುರಿತು. ಸೇಠ ಕೀಲಿ ತಂದು ನಮ್ಮ ಮುಂದೆ ಇಟ್ಟ.

ನಾನು ಲೇಪವನ್ನೇ ಬೈಯುತ್ತಿದ್ದೆ. ಚಂದ್ರಕಲಾ ಕೋರ್ ಕುಳಿತಿದ್ದ ಫರ್ಸಿ ಹಾಸುಗಲ್ಲು ಸವರಿ ಅಂಗೈ ತೋರಿಸಿದಳು. ಒದ್ದೆ. ಬುಡಕ್ಕೆ ನಾವು ಲೇಪವನ್ನೇ ಹಚ್ಚಿರಲಿಲ್ಲ. ನಮಗೆ ಅದು ಹೊಳೆಯುವುದಾದರೂ ಹೇಗೆ? ನಮ್ಮೂರಲ್ಲಿ ನೆಲ ಫರ್ಸಿ, ಮಾಳಿಗೆ ಫರ್ಸಿ, ರೊಟ್ಟಿ ಡಬ್ಬಿ ಇಡುವ ಕಟ್ಟೆಯೂ ಫರ್ಸಿ. ಮಳೆಯಲ್ಲಿ ಅದು ಬೆವರುವುದನ್ನು ದಿನವೂ ಒರೆಸುತ್ತೇವೆ, ಸಂಶಯ ಮಾತ್ರ ಪಡುವುದಿಲ್ಲ.

ಸೇಠನಿಗೆ ಸಿಟ್ಟು ಬಂತು. ಅವನ ಮಾವನದು ಫರ್ಸಿ ಕಲ್ಲಿನ ಗಣಿ.

"ನಮ್ಮ ಫರ್ಸಿಗಿ ಹೆಸರಿಡಬ್ಯಾಡ."

"ಹೆಸರೂ ಇಡಲ್ಲರಿ, ಇನ್ನ ಅದರ ಮ್ಯಾಲ ಕೋರೂ ಇಡಲ್ಲ."

ಹೊಸ ಕೋರುಗಳಿಗೆ ಬುಡವನ್ನೂ ಬಿಡದೆ ಲೇಪ ಹಚ್ಚಿ, ಸುಟ್ಟು, ಕಬ್ಬಿಣದ ಸರಳುಗಳ ಮೇಲೆ ಸಾಲಾಗಿ ಇಟ್ಟಳು. ಭಟ್ಟಿ ಹಚ್ಚಲು ಸೇಠ ಒಪ್ಪಲಿಲ್ಲ. ಅವನ ಒಪ್ಪಿಗೆ ಕಾಯುತ್ತ ಕೂತರೆ ದಸರಾ ಬರುತ್ತಿತ್ತು, ನಾನೇ ಹಚ್ಚಿದೆ. ಹೊರಗೆ ಮಳೆ ಸುರಿಯುತ್ತಿರುವಾಗಲೇ ಕಬ್ಬಿಣ ಹೊಯ್ದೆವು.

ಆರಿದ ಮೇಲೆ ಒಂದು ಕವಚವನ್ನು ಸೇಠ ತಾನೇ ಸುತ್ತಿಗೆಯಿಂದ ಒಡೆದ. ಚೂರುಗಳನ್ನು ಬಾಗಿಲ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಒಂದು ತೂತೂ ಇರಲಿಲ್ಲ. ವಾಪಸು ಒಯ್ಯಲೆಂದು ಕೀಲಿ ಹುಡುಕತೊಡಗಿದ. ಅದು ಲೇಪದ ಡಬ್ಬಿಯ ಮುಚ್ಚಳದ ಮೇಲೆ ಭಾರಕ್ಕೆ ಕೂತಿತ್ತು.

"ಅಲ್ಲೇ ಇರ್ಲಿ ಬಿಡ್ರಿ," ಎಂದಳು ಚಂದ್ರಕಲಾ. "ಮುಚ್ಚಳ ಸರದ್ರ ಸ್ಪಿರಿಟ್ ಹಾರ್ತದ. ನಾಳಿಗೂ ಹಚ್ಚೋದದ."